ಡಾಕ್ಟರ್ ಕೋಲ್ಮನ್ನರ ಮೊದಲ ಶೋಧನೆ

ಮುಂಗಾರು ಹಿಡಿಯುವುದಕ್ಕೆ ಮುಂಚೆ ಅಡಕೆಯ ಕೊನೆಗಳಿಗೆ ಮೈಲುತುತ್ತ ಸುಣ್ಣದ ಔಷಧಿ ಹೊಡೆಸುವ ಮಲೆನಾಡಿನ ಗೃಹಸ್ಥನು ಡಾಕ್ಟರ್ ಲೆಸ್ಲಿ ಚಾರ್ಲ್ಸ್ ಕೋಲ್ಮನ್ನರ ಹೆಸರನ್ನು ಕೇಳಿರಬಹುದು, ಕೇಳದೆಯೂ ಇರಬಹುದು. ಅವರ ಕೆಲಸವನ್ನಂತೂ ಬಲ್ಲನು. ಮಂಡ್ಯದ ಸೀಮೆಯಲ್ಲಿ ಅವರನ್ನು ಸಕ್ಕರೆಯ ಕಾರ್ಖಾನೆಯ ಸ್ಥಾಪಕರೆಂದು ನೆನೆಯುತ್ತಾರೆ. ಕಾಫಿಯ ಬೆಳೆಗಾರರಿಗೆ ಅವರು ಬಾಳೆಹೊನ್ನೂರಿನ ಸಂಶೋಧನ ಕೇಂದ್ರದ ಮೂಲಪುರುಷರು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಮೊದಲನೆಯ ಡೈರೆಕ್ಟರಾಗಿ, ಸುಮಾರು ಕಾಲು ಶತಮಾನ ಈ ನಾಡಿನ ಹೊಲಗದ್ದೆಗಳನ್ನು ಸುತ್ತಿದ ಕೆನಡಾ ದೇಶದ ಒಬ್ಬ ವಿದ್ವಾಂಸನ ಕೀರ್ತಿಗೆ ಇಷ್ಟೇ ಸಾಕು. ಆದರೆ ಈ ಕೀರ್ತಿಗಳೆಲ್ಲಕ್ಕೂ ಹಿಂದೆ, ಮೈಸೂರನ್ನು ಅವರು ಕಣ್ಣಿನಿಂದ ಕಾಣುವುದಕ್ಕೂ ಹಿಂದೆ, ಅವರು ಕೈಗೊಂಡ ಒಂದು ಶೋಧನೆಯುಂಟು. ಅದು ಅಡಕೆಯದಲ್ಲ, ಕಬ್ಬಿನದಲ್ಲ. ಮಣ್ಣಿನೊಳಗೆ ಕಣ್ಣಿಗೆ ಕಾಣದೆ ಬದುಕುವ ಸೂಕ್ಷ್ಮಜೀವಿಗಳು ಗೊಬ್ಬರದ ಸಾರಜನಕವನ್ನು ಏನು ಮಾಡುತ್ತವೆಂಬುದನ್ನು ಕುರಿತದ್ದು. ಅವರ ಜೀವನವನ್ನು ಬರೆದವರು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ವಾಡಿಕೆ. ನನಗೆ ಅದೇ ಅವರ ಚರಿತ್ರೆಯ ಬಾಗಿಲಾಗಿ ತೋರುತ್ತದೆ. ಏಕೆಂದರೆ ಇಂದು ನಮ್ಮ ಹಿರಿಯೂರು ತಾಲ್ಲೂಕಿನ ಬಾವಿಗಳ ನೀರಿಗೆ ಬಂದಿರುವ ಕೇಡನ್ನು ತಿಳಿಯಬೇಕಾದರೆ ಆ ಬಾಗಿಲಿನಿಂದಲೇ ಒಳಹೋಗಬೇಕು.

ಕೋಲ್ಮನ್ನರು ಹುಟ್ಟಿದ್ದು ೧೮೭೮ನೆಯ ಇಸವಿ ಜೂನ್ ೧೬ರಂದು, ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ. ಓದಿದ್ದು ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿಂದ ಅವರು ಜರ್ಮನಿಗೆ ಹೋದರು. ಆ ಕಾಲದಲ್ಲಿ ರಸಾಯನವಾಗಲಿ ಜೀವಶಾಸ್ತ್ರವಾಗಲಿ ಆಳವಾಗಿ ಕಲಿಯಬೇಕೆನ್ನುವ ತರುಣನು, ಯಾವ ದೇಶದವನಾದರೂ ಆಗಲಿ, ಜರ್ಮನ್ ಭಾಷೆಯನ್ನು ಕಲಿತು ಅಲ್ಲಿಗೆ ಹೋಗುತ್ತಿದ್ದನು. ನಮ್ಮಲ್ಲಿ ತರ್ಕ ವ್ಯಾಕರಣಗಳಿಗೆ ಕಾಶಿಗೆ ಹೋಗುತ್ತಿದ್ದಂತೆ. ಗಟ್ಟಿಂಗೆನ್ ಪಟ್ಟಣದ ವಿಶ್ವವಿದ್ಯಾನಿಲಯದಲ್ಲಿ ಕೃಷಿಗೆ ಸಂಬಂಧಿಸಿದ ಸೂಕ್ಷ್ಮಜೀವಿಗಳ ಅಭ್ಯಾಸಕ್ಕೆಂದೇ ಒಂದು ಸಂಸ್ಥೆಯಿತ್ತು. ಕೋಲ್ಮನ್ನರು ಅಲ್ಲಿ ಕೆಲಸಮಾಡಿದರು. ನೈಟ್ರೀಕರಣವನ್ನು ಕುರಿತ ಅವರ ದೀರ್ಘ ಲೇಖನವು ೧೯೦೮ರಲ್ಲಿ ಜರ್ಮನ್ ಭಾಷೆಯಲ್ಲಿಯೇ ಪ್ರಕಟವಾಯಿತು.

ನೈಟ್ರೀಕರಣವೆಂದರೇನು? ಶಬ್ದ ಹೊಸದು, ಸಂಗತಿ ಹಳೆಯದು. ಚಿತ್ರದುರ್ಗದ ಕೋಟೆಯನ್ನು ನೋಡಿದವರೆಲ್ಲರೂ ಅಲ್ಲಿನ ಮದ್ದು ಬೀಸುವ ಕಲ್ಲುಗಳನ್ನು ಕಂಡಿರುತ್ತಾರೆ. ತೋಪಿನ ಮದ್ದಿಗೆ ಬೇಕಾದವು ಮೂರು: ಗಂಧಕ, ಇದ್ದಿಲು, ಪೆಟ್ಲುಪ್ಪು. ಈ ಪೆಟ್ಲುಪ್ಪನ್ನು ಹಿಂದಿನವರು ಹಳೆಯ ಊರುಗಳ ಮಣ್ಣಿನಿಂದ, ದನ ಕಟ್ಟುವ ಕೊಟ್ಟಿಗೆಯ ನೆಲದಿಂದ, ಪಾಳುಗೋಡೆಗಳ ಬುಡದಿಂದ ತೊಳೆದು ತೆಗೆದು, ಕಾಸಿ ಹರಳುಗಟ್ಟಿಸುತ್ತಿದ್ದರು. ದನದ ಗಂಜಳ ಬಿದ್ದ ನೆಲದಲ್ಲಿ ಮದ್ದಿನ ಉಪ್ಪು ಹೇಗೆ ಹುಟ್ಟುತ್ತದೆ? ಬಹುಕಾಲ ಇದನ್ನು ಕೇವಲ ಗಾಳಿಯ ಮತ್ತು ಮಣ್ಣಿನ ರಸಾಯನವೆಂದು ತಿಳಿದಿದ್ದರು. ೧೮೭೭ರಲ್ಲಿ ಫ್ರಾನ್ಸಿನ ಶ್ಲೇಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಮರಳು ಮತ್ತು ಸುಣ್ಣದ ಕಲ್ಲನ್ನು ಉದ್ದನೆಯ ಕೊಳವೆಗೆ ತುಂಬಿ, ಮೇಲಿನಿಂದ ಚರಂಡಿಯ ನೀರನ್ನು ಮೆಲ್ಲಮೆಲ್ಲನೆ ಬಿಟ್ಟರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ನೀರಿನಲ್ಲಿದ್ದ ಅಮೋನಿಯ ಮಾಯವಾಗಿ ಅದಕ್ಕೆ ಬದಲು ನೈಟ್ರೇಟು ಕಾಣಿಸಿಕೊಂಡಿತು. ಕೊಳವೆಯೊಳಕ್ಕೆ ಕ್ಲೋರೋಫಾರಂ ಹಬೆಯನ್ನು ಬಿಟ್ಟರೆ ಕೆಲಸ ನಿಂತುಹೋಯಿತು. ಕ್ಲೋರೋಫಾರಮ್ಮಿಗೆ ಮೂರ್ಛೆ ಹೋಗುವುದು ಜೀವವುಳ್ಳದ್ದೇ ಹೊರತು ಜಡವಲ್ಲ. ೧೮೯೦ರ ಹೊತ್ತಿಗೆ ರಷ್ಯದ ವಿನೊಗ್ರಾಡ್‌ಸ್ಕಿಯವರು ಜ್ಯೂರಿಕ್ ನಗರದಲ್ಲಿ ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು ಗುಂಪು ಅಮೋನಿಯವನ್ನು ನೈಟ್ರೈಟು ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟು ಮಾಡುತ್ತದೆ. ಅನ್ನವಿಲ್ಲ, ಬೆಳಕಿಲ್ಲ, ಅಮೋನಿಯವನ್ನು ದಹಿಸಿದ ಶಕ್ತಿಯಿಂದಲೇ ಗಾಳಿಯ ಇಂಗಾಲವನ್ನು ತೆಗೆದುಕೊಂಡು ಅವು ಮೈಬೆಳೆಸಿಕೊಳ್ಳುತ್ತವೆ. ಹಾಗಾದರೆ ಚಿತ್ರದುರ್ಗದ ಪಾಳೆಯಗಾರರ ತೋಪುಗಳು ಗುಡುಗಿದ್ದು ಈ ಅಗೋಚರ ಜೀವಿಗಳ ದುಡಿಮೆಯಿಂದ ಎನ್ನಬೇಕು.

ವಿನೊಗ್ರಾಡ್‌ಸ್ಕಿಯವರ ಶೋಧನೆಯಿಂದ ಒಂದು ತೊಡಕು ಹುಟ್ಟಿತ್ತು. ಗಾಜಿನ ಬುದ್ದಲಿಯಲ್ಲಿ ಬೆಳೆಸುವಾಗ ಒಂದಿಷ್ಟು ಸಕ್ಕರೆ ಬಿದ್ದರೂ ಈ ಜೀವಿಗಳು ಸೊರಗುತ್ತಿದ್ದವು. ಹೊಲದ ಮಣ್ಣಾದರೋ ಎಲೆ, ಬೇರು, ಸಗಣಿಗಳಿಂದ ತುಂಬಿದ್ದು. ಅಲ್ಲಿ ಅವು ಹೇಗೆ ಬದುಕುತ್ತವೆ? ಕೋಲ್ಮನ್ನರು ಬುದ್ದಲಿಯನ್ನು ಬಿಟ್ಟು ಮಣ್ಣನ್ನೇ ಹಿಡಿದರು. ತೇವ, ಗಾಳಿ, ಸಾವಯವ ಪದಾರ್ಥ ಇವುಗಳಿಂದ ನೈಟ್ರೀಕರಣ ಏರುವುದೆಷ್ಟು ಇಳಿಯುವುದೆಷ್ಟು ಎಂದು ಪರೀಕ್ಷಿಸಿ, ಮಣ್ಣಿನಲ್ಲಿ ಅಲ್ಪಪ್ರಮಾಣದ ಸಾವಯವ ಪದಾರ್ಥವು ಬುದ್ದಲಿಯಲ್ಲಿದ್ದಂತೆ ಮಾರಕವಲ್ಲವೆಂದು ಕಂಡರು. ಬುದ್ದಲಿಯ ಸತ್ಯವೇ ಬೇರೆ, ನೆಲದ ಸತ್ಯವೇ ಬೇರೆ ಎಂಬ ಈ ಎಚ್ಚರವನ್ನು ಅವರು ಮೈಸೂರಿಗೂ ತಂದರೆಂದು ನನ್ನ ಊಹೆ. ಮುಂದೆ ಅವರು ಮಾಡಿದ ಒಂದೊಂದು ಕೆಲಸದಲ್ಲಿಯೂ ಅದು ಕಾಣುತ್ತದೆ.

ಅದೇ ೧೯೦೮ರಲ್ಲಿ ಅವರು ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರಶಾಸ್ತ್ರಜ್ಞರೂ ಕೀಟಶಾಸ್ತ್ರಜ್ಞರೂ ಆಗಿ ಬಂದರು. ಅವರಿಗಿಂತ ಮೊದಲು ಕೆನಡಾದವರೇ ಆದ ಡಾಕ್ಟರ್ ಲೇಮನ್ ಎಂಬವರು ಇಲ್ಲಿ ಕೃಷಿರಸಾಯನಜ್ಞರಾಗಿದ್ದರು. ಆಗ ವ್ಯವಸಾಯದ ಇಲಾಖೆಯೆಂಬುದು ಹೆಸರಿಗೆ ತಕ್ಕಷ್ಟು ದೊಡ್ಡದಾಗಿರಲಿಲ್ಲ. ರೈತನಿಗೆ ಸರ್ಕಾರವೆಂದರೆ ಅಮಲ್ದಾರನ ಕಚೇರಿ, ಶಾನುಭೋಗನ ಲೆಕ್ಕ. ಬೆಳೆಗೆ ರೋಗ ಬಂದರೆ ದೇವರಿಗೆ ಹರಕೆ. ಇಂಥ ಕಾಲದಲ್ಲಿ ಮೂವತ್ತು ವರ್ಷದ ಪರದೇಶದ ವಿದ್ವಾಂಸನನ್ನು ಮೊದಲು ಎದುರುಗೊಂಡದ್ದು ಮಲೆನಾಡಿನ ಕೊಳೆರೋಗ.

ಮಳೆ ಹಿಡಿದು ಕೂತರೆ ಅಡಕೆಯ ಎಳೆಗಾಯಿಗಳು ನೀರು ತುಂಬಿದಂತಾಗಿ ಕಪ್ಪಿಟ್ಟು ಕೊಳೆತು ಉದುರುವುವು. ವರ್ಷದ ಫಸಲು ಮರದ ಬುಡದಲ್ಲಿ ಬಿಳಿಯ ಬೂಷ್ಟು ಹಿಡಿದು ಬಿದ್ದಿರುವುದು. ತೋಟದವರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ಈ ಪದ್ಧತಿಯನ್ನು ಮೂಢರ ಆಚಾರವೆನ್ನಲಾಗದು. ರೋಗದ ಬೀಜ ನೀರಿನಲ್ಲಿ ಈಜಿ ಹರಡುವಂಥದು. ಕೊನೆಗೆ ಮಳೆ ತಗಲದಿದ್ದರೆ ರೋಗವೂ ತಗಲದು. ಆದರೆ ಮರಮರಕ್ಕೂ ಕೊಟ್ಟೆ ಕಟ್ಟುವುದೆಂದರೆ ಆಳು ಎಷ್ಟು, ದಿನ ಎಷ್ಟು! ಕೋಲ್ಮನ್ನರು ಈ ರೋಗಕ್ಕೆ ಕಾರಣ ಫೈಟಾಫ್ತೋರ ಜಾತಿಯ ಶಿಲೀಂಧ್ರವೆಂದು ಗುರುತಿಸಿದರು. ಅವರ ವರದಿ ೧೯೧೦ರಲ್ಲಿ ಹೊರಬಂದಿತು. ಮೈಲುತುತ್ತವನ್ನೂ ಸುಣ್ಣವನ್ನೂ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಕೊನೆಗಳ ಮೇಲೆ ಹೊಡೆಯಬೇಕೆಂದು ತೋರಿಸಿದರು. ಯೂರೋಪಿನ ದ್ರಾಕ್ಷಿತೋಟದಲ್ಲಿ ಆಳೆತ್ತರದ ಬಳ್ಳಿಗೆ ಹೊಡೆಯುವ ಔಷಧಿಯನ್ನು ಇಲ್ಲಿ ಐವತ್ತು ಅಡಿ ಮೇಲಿರುವ ಕೊನೆಗೆ ಮುಟ್ಟಿಸಬೇಕು. ಮುಟ್ಟಿದ ಔಷಧಿ ಮಲೆನಾಡಿನ ಮಳೆಗೆ ತೊಳೆದು ಹೋಗದಂತೆ ರಾಳವನ್ನು ಬೆರೆಸಿ ಅಂಟಿಸಬೇಕು. ಗಾಜಿನ ಬುದ್ದಲಿಗೂ ನೆಲಕ್ಕೂ ಇರುವ ಅಂತರವೆಂದು ನಾನು ಹೇಳಿದ್ದು ಇದನ್ನೇ. ಒಂದು ಶತಮಾನ ಕಳೆದ ಮೇಲೆಯೂ ಮಲೆನಾಡಿನ ಕೊನೆಗಾರರು ಅದೇ ದ್ರಾವಣವನ್ನು ಹೊತ್ತು ಮರ ಹತ್ತುತ್ತಾರೆ.

ಇಲ್ಲಿ ಒಂದು ಉಪಕಥೆಯುಂಟು. ಬೋರ್ಡೋ ದ್ರಾವಣಕ್ಕೆ ಆ ಹೆಸರು ಬಂದದ್ದು ಫ್ರಾನ್ಸಿನ ಬೋರ್ಡೋ ಪಟ್ಟಣದಿಂದ. ೧೮೮೫ರ ಸುಮಾರಿಗೆ ಅದನ್ನು ಬಳಕೆಗೆ ತಂದವರು ಮಿಲ್ಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು. ಅವರಿಗೆ ರಸಾಯನದಲ್ಲಿ ಜೊತೆಯಾದವರು ಯುಲಿಸ್ ಗೆಯೋನ್. ಈ ಗೆಯೋನರೇ ಅದೇ ವರ್ಷಗಳಲ್ಲಿ, ಅದೇ ಪಟ್ಟಣದಲ್ಲಿ, ದ್ಯುಪೆತಿ ಎಂಬ ಸಹೋದ್ಯೋಗಿಯೊಡನೆ ಮತ್ತೊಂದು ವಿಷಯವನ್ನು ಶೋಧಿಸುತ್ತಿದ್ದರು. ಗಾಳಿಯಿಲ್ಲದ ಕಡೆ ಕೆಲವು ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು, ಅದರ ಆಮ್ಲಜನಕವನ್ನು ತಾವು ಉಸಿರಾಡಿ, ಸಾರಜನಕವನ್ನು ಬರಿಯ ಅನಿಲವಾಗಿ ಗಾಳಿಗೆ ಬಿಟ್ಟುಬಿಡುತ್ತವೆಂದು ಅವರು ಕಂಡರು. ನೈಟ್ರೀಕರಣಕ್ಕೆ ನೇರವಾಗಿ ಎದುರಾದ ಕ್ರಿಯೆ ಇದು; ಒಂದು ಕಟ್ಟುವುದನ್ನು ಇನ್ನೊಂದು ಬಿಚ್ಚುತ್ತದೆ. ಗೆಯೋನರ ಎರಡು ಕೆಲಸಗಳಲ್ಲಿ ಒಂದು ಕೋಲ್ಮನ್ನರ ಮೂಲಕ ತೀರ್ಥಹಳ್ಳಿ ಕೊಪ್ಪಗಳ ತೋಟವನ್ನು ಸೇರಿತು. ಇನ್ನೊಂದು ಕರ್ನಾಟಕದ ರೈತನ ಬಳಿಗೆ ಇನ್ನೂ ಬರಬೇಕಾಗಿದೆ.

ಬಯಲುಸೀಮೆಯನ್ನು ಕೋಲ್ಮನ್ನರು ಮರೆತವರಲ್ಲ. ಜೋಳದ ಹೊಲಗಳನ್ನು ಮೇಯುವ ರೆಕ್ಕೆಯಿಲ್ಲದ ಮಿಡತೆಯೊಂದನ್ನು ಕುರಿತು ೧೯೧೧ರಲ್ಲಿ ಅವರು ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ಆ ಮಿಡತೆಗೆ ಶಾಸ್ತ್ರಜ್ಞರು ಕೋಲ್ಮೇನಿಯ ಎಂದು ಅವರ ಹೆಸರನ್ನೇ ಇಟ್ಟರು. ರೈತನ ಶತ್ರುವಿಗೆ ರೈತನ ಮಿತ್ರನ ಹೆಸರು! ಶಾಸ್ತ್ರದಲ್ಲಿ ಇದನ್ನು ಗೌರವವೆನ್ನುತ್ತಾರೆ. ಶ್ರೀಗಂಧದ ಮರಗಳನ್ನು ಒಣಗಿಸುತ್ತಿದ್ದ ಸ್ಪೈಕ್ ರೋಗವು ಕಸಿಯಿಂದ ಮರದಿಂದ ಮರಕ್ಕೆ ದಾಟುವ ಅಂಟುರೋಗವೆಂದು ತೋರಿಸಿದ ಅವರ ವರದಿ ೧೯೧೭ರದು. ಅದರ ನಿಜವಾದ ಕಾರಣ ಸಿಕ್ಕಲು ೧೯೬೯ರವರೆಗೂ ಕಾಯಬೇಕಾಯಿತು.

೧೯೧೩ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕೋಲ್ಮನ್ನರು ವ್ಯವಸಾಯ ಇಲಾಖೆಯ ಡೈರೆಕ್ಟರಾದರು. ಅದೇ ವರ್ಷ ಹೆಬ್ಬಾಳದಲ್ಲಿ ವ್ಯವಸಾಯದ ಶಾಲೆ ಪ್ರಾರಂಭವಾಯಿತು. ಇಂದಿನ ಕೃಷಿ ವಿಶ್ವವಿದ್ಯಾನಿಲಯದ ಬೇರು ಅಲ್ಲಿದೆ. ಕಾಫಿಯ ಸಂಶೋಧನೆ ೧೯೧೫ರಲ್ಲಿ ಕೊಪ್ಪದಲ್ಲಿ ಸಣ್ಣದಾಗಿ ತೊಡಗಿ ೧೯೨೫ರಲ್ಲಿ ಬಾಳೆಹೊನ್ನೂರಿನಲ್ಲಿ ನೆಲೆನಿಂತಿತು. ಕೀಟಗಳಿಗೆ ಕುಂಞಿಕಣ್ಣನ್, ಶಿಲೀಂಧ್ರಗಳಿಗೆ ಎಂ. ಜೆ. ನರಸಿಂಹನ್, ಮುಂದೆ ತಾವೇ ಡೈರೆಕ್ಟರಾದ ಎ. ಕೆ. ಯಜ್ಞನಾರಾಯಣ ಅಯ್ಯರ್ ಮುಂತಾಗಿ ದೇಶೀಯ ವಿದ್ವಾಂಸರ ಒಂದು ಪಂಕ್ತಿಯೇ ಅವರ ಕಾಲದ ಇಲಾಖೆಯಲ್ಲಿ ಬೆಳೆಯಿತು. ರಾಗಿಯ ಬೇಸಾಯವನ್ನು ಕುರಿತು ೧೯೨೦ರಲ್ಲಿ ಕೋಲ್ಮನ್ನರೇ ಒಂದು ಪುಸ್ತಿಕೆಯನ್ನು ಬರೆದರು. ದೊಡ್ಡ ಸಾಹೇಬರಿಗೆ ರಾಗಿಯಂಥ ಬಡವರ ಧಾನ್ಯವು ಬರಹದ ವಿಷಯವಾಗುವುದು ಅಂದು ಸಣ್ಣ ಮಾತಲ್ಲ.

ನಮ್ಮ ಕಡೆಗೆ ಬರೋಣ. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ೧೯೦೭ರಲ್ಲಿ ಮುಗಿದಿತ್ತು. ಒಣ ಹೊಲ ಕಂಡ ರೈತನ ಮುಂದೆ ಒಮ್ಮೆಗೇ ಕಾಲುವೆಯ ನೀರು ಬಂದು ನಿಂತರೆ ಏನನ್ನು ಬೆಳೆಯಬೇಕು, ಎಷ್ಟು ನೀರು ಬಿಡಬೇಕು, ಹೆಚ್ಚಾದುದನ್ನು ಹೇಗೆ ಬಸಿಯಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ಹಿರಿಯೂರಿನ ಮಗ್ಗುಲಲ್ಲಿರುವ ಬಬ್ಬೂರು ಫಾರಂ ಇಲಾಖೆಯ ಹಳೆಯ ಪ್ರಯೋಗಕ್ಷೇತ್ರಗಳಲ್ಲಿ ಒಂದು. ಈಗ ಅದು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕರ ಹೆಸರಿನ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ನಮ್ಮ ಧರ್ಮಪುರ ಅಲ್ಲಿಂದ ಪೂರ್ವಕ್ಕೆ, ಆಂಧ್ರದ ಗಡಿಯ ಅಂಚಿನಲ್ಲಿದೆ; ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಗಡಿಯಾಚೆಗೆ ಕೂಗಳತೆಯಲ್ಲಲ್ಲದಿದ್ದರೂ ಸಮೀಪದಲ್ಲಿಯೇ ಇದೆ. ನಮ್ಮ ದೊಡ್ಡ ಕೆರೆಗೆ ನೀರು ತುಂಬಿಸಬೇಕೆಂಬ ಬೇಡಿಕೆ ಬಹುಕಾಲದ್ದು. ಕೆರೆ ಬತ್ತಿದ ನಾಡಿನಲ್ಲಿ ಜನ ನಂಬಿದ್ದು ಬಾವಿಯನ್ನು, ಬಾವಿ ಬತ್ತಿದ ಮೇಲೆ ಕೊಳವೆಬಾವಿಯನ್ನು.

ಕೋಲ್ಮನ್ನರ ಕೊನೆಯ ದೊಡ್ಡ ಕೆಲಸ ಮಂಡ್ಯದ್ದು. ಕನ್ನಂಬಾಡಿಯ ಅಣೆಕಟ್ಟಿನಿಂದ ಇರ್ವಿನ್ ನಾಲೆ, ಎಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹರಿದು ಬಂದಾಗ ಆ ನೀರಿಗೆ ತಕ್ಕ ಬೆಳೆ ಕಬ್ಬು, ಕಬ್ಬಿಗೆ ತಕ್ಕ ಕಾರ್ಖಾನೆ ಬೇಕು ಎಂಬ ವಾದದಲ್ಲಿ ಅವರು ಮುಂದಾಳಾಗಿದ್ದರು. ೧೯೩೩ರಲ್ಲಿ ಕಂಪೆನಿ ಸ್ಥಾಪಿತವಾಗಿ, ೧೯೩೪ರಲ್ಲಿ ಮಂಡ್ಯದ ಕಾರ್ಖಾನೆ ಸಕ್ಕರೆಯನ್ನು ತೆಗೆಯಿತು. ಬೆಂಗಾಡಾಗಿದ್ದ ಮಂಡ್ಯ ಭಾಗ್ಯದ ನಾಡಾಯಿತು. ಕಬ್ಬು ಸಾರಜನಕವನ್ನು ಬಹಳವಾಗಿ ಬೇಡುವ ಬೆಳೆ. ಹಿಂಡಿ, ಹೊಂಗೆಯ ಸೊಪ್ಪು, ಕೊಟ್ಟಿಗೆಯ ಗೊಬ್ಬರ ಇವುಗಳ ಜೊತೆಗೆ ರಾಸಾಯನಿಕ ಗೊಬ್ಬರದ ಚೀಲವೂ ಹೊಲಕ್ಕೆ ಬಂದಿತು. ೧೯೩೦ರ ದಶಕದ ಕೊನೆಗೆ ಮೈಸೂರಿನ ಬಳಿಯ ಬೆಳಗೊಳದಲ್ಲಿಯೇ ಅಮೋನಿಯಂ ಸಲ್ಫೇಟಿನ ಕಾರ್ಖಾನೆ ಎದ್ದಿತು. ಅಷ್ಟು ಹೊತ್ತಿಗೆ ಕೋಲ್ಮನ್ನರು ಇಲ್ಲಿರಲಿಲ್ಲ. ೧೯೩೪ರಲ್ಲಿ ನಿವೃತ್ತರಾಗಿ ತಾಯ್ನಾಡಿಗೆ ಹೊರಟುಹೋಗಿದ್ದರು.

ನಿವೃತ್ತಿಯೆಂದರೆ ವಿಶ್ರಾಂತಿಯೆಂದು ಅವರು ತಿಳಿದಂತಿಲ್ಲ. ಡೈರೆಕ್ಟರ ಕುರ್ಚಿಯನ್ನು ಬಿಟ್ಟು ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಜೀವಕೋಶದೊಳಗಿನ ವರ್ಣತಂತುಗಳ ರಚನೆಯನ್ನು ಕುರಿತು ಅವರು ಲೇಖನಗಳನ್ನು ಬರೆದರು. ಅವುಗಳಲ್ಲಿ ೧೯೪೩ರದೊಂದು ಮಿಡತೆಗಳ ವರ್ಣತಂತುಗಳ ಮೇಲಿನದು. ಜೋಳದ ಹೊಲದ ಹಳೆಯ ಪರಿಚಯವನ್ನು ಅರವತ್ತೈದರ ವಯಸ್ಸಿನಲ್ಲಿಯೂ ಬಿಡಲಿಲ್ಲವಷ್ಟೆ. ೧೯೫೪ರ ಸೆಪ್ಟೆಂಬರ್ ೧೪ರಂದು ಅವರು ತೀರಿಕೊಂಡರು.

ಅವರು ತೀರಿಕೊಂಡ ಮೇಲಿನ ಕಥೆಯನ್ನೂ ಹೇಳದಿದ್ದರೆ ಅವರ ಮೊದಲ ಶೋಧನೆಯನ್ನು ಹೇಳಿದಂತಾಗುವುದಿಲ್ಲ. ಕೆಲವು ವರ್ಷಗಳ ಕೆಳಗೆ ಧರ್ಮಪುರದಲ್ಲಿ ನಮ್ಮ ಹೊಲದ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿದ್ದೆವು. ಫ್ಲೋರೈಡ್ ಇರುವುದೆಂದು ಮೊದಲೇ ತಿಳಿದಿತ್ತು. ನಮ್ಮ ಜಿಲ್ಲೆಗೆ ಅದು ಹೊಸತಲ್ಲ. ಅದರ ಕೆಳಗೆ ನೈಟ್ರೇಟೂ ಮಿತಿ ಮೀರಿದೆಯೆಂದು ಬರೆದಿತ್ತು. ಒಂದು ಲೀಟರು ಕುಡಿಯುವ ನೀರಿನಲ್ಲಿ ೪೫ ಮಿಲಿಗ್ರಾಮಿಗೆ ಮೀರಿ ನೈಟ್ರೇಟು ಇರಬಾರದೆಂಬುದು ನಮ್ಮ ದೇಶದ ಮಾನಕ. ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳಲ್ಲಿ ಚಿತ್ರದುರ್ಗ ಜಿಲ್ಲೆ ಈ ಎರಡು ದೋಷಗಳಿಗೂ ಹೆಸರು ಪಡೆದಿದೆ. ಕನ್ನಡ ಕಲಿಸುವವನಿಗೆ ನೈಟ್ರೇಟಿನ ಗೊಡವೆಯೇಕೆ ಎಂದು ಮಿತ್ರರು ನಕ್ಕರು. ಹಳಗನ್ನಡದ ಪಾಠಕ್ಕಾಗಿಯಾದರೂ ನಾನು ಮನೆಯ ನೀರನ್ನು ಕುಡಿದೇ ಹೋಗಬೇಕಲ್ಲ!

ಕುಡಿಯುವ ನೀರಿನ ನೈಟ್ರೇಟು ದೊಡ್ಡವರನ್ನು ಒಡನೆ ಕಾಡದಿರಬಹುದು. ಹಾಲುಗೂಸುಗಳ ಮಾತು ಬೇರೆ. ಬಾವಿಯ ನೀರಿನಲ್ಲಿ ಹಾಲಿನ ಪುಡಿಯನ್ನು ಕದಡಿ ಕುಡಿಸಿದ ಶಿಶುಗಳು ಮೈ ನೀಲಿಗಟ್ಟಿ ಉಸಿರಿಗೆ ಒದ್ದಾಡುವುದನ್ನು ೧೯೪೫ರಲ್ಲಿ ಅಮೆರಿಕದ ಅಯೋವ ಪ್ರಾಂತದ ವೈದ್ಯ ಕಾಮ್ಲಿಯವರು ವರ್ಣಿಸಿ, ಕಾರಣ ನೈಟ್ರೇಟೆಂದು ತೋರಿಸಿದರು. ನೀರನ್ನು ಕಾಯಿಸಿದರೆ ಈ ದೋಷ ಹೋಗದು; ನೀರು ಆವಿಯಾದಷ್ಟೂ ಹೆಚ್ಚುತ್ತದೆ. ತಾಯಂದಿರು ಇದನ್ನು ತಿಳಿದಿರಬೇಕು.

ಇದು ಬಾವಿಗೆ ಬಂದದ್ದು ಹೇಗೆಂಬುದಕ್ಕೆ ಕೋಲ್ಮನ್ನರ ಗಟ್ಟಿಂಗೆನ್ನಿನ ಲೇಖನದಲ್ಲಿರುವ ಜೀವಿಗಳೇ ಉತ್ತರ. ನಲವತ್ತೈದು ಕಿಲೋ ತೂಕದ ಒಂದು ಚೀಲ ಯೂರಿಯದಲ್ಲಿ ಸಾರಜನಕ ಸುಮಾರು ೨೧ ಕಿಲೋ ಇದೆ. ಹೊಲಕ್ಕೆ ಎರಚಿದ ಕೆಲವೇ ದಿನಗಳಲ್ಲಿ ಅದು ಅಮೋನಿಯವಾಗುತ್ತದೆ. ತಿಪ್ಪೆಯ ಗೊಬ್ಬರವೂ ತಡವಾಗಿಯಾದರೂ ಅದೇ ದಾರಿ ಹಿಡಿಯುತ್ತದೆ. ಅಮೋನಿಯವನ್ನು ಜೇಡಿಯ ಕಣಗಳು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ನೈಟ್ರೀಕರಣದ ಜೀವಿಗಳು ಅದನ್ನು ನೈಟ್ರೇಟು ಮಾಡಿದೊಡನೆ ಹಿಡಿತ ತಪ್ಪುತ್ತದೆ. ಮಣ್ಣಿನ ಕಣಕ್ಕೂ ನೈಟ್ರೇಟಿಗೂ ಇರುವ ವಿದ್ಯುತ್ತು ಒಂದೇ ಬಗೆಯದಾದ್ದರಿಂದ ಒಂದನ್ನೊಂದು ದೂಡುತ್ತವೆ. ಬೆಳೆ ಹೀರಿದಷ್ಟು ಹೀರಿತು. ಉಳಿದದ್ದು ನೀರಿನೊಡನೆ ಇಳಿದು ಬಸಿಗಾಲುವೆಗೋ ಬಾವಿಗೋ ಸೇರಿತು. ೨೦೧೫ರಿಂದ ನಮ್ಮ ದೇಶದಲ್ಲಿ ಯೂರಿಯಕ್ಕೆಲ್ಲ ಬೇವಿನೆಣ್ಣೆಯನ್ನು ಲೇಪಿಸುವುದನ್ನು ಕಡ್ಡಾಯ ಮಾಡಿದ್ದಾರೆ. ಬೇವು ಇದೇ ಜೀವಿಗಳ ಕೈಯನ್ನು ಸ್ವಲ್ಪ ನಿಧಾನಮಾಡುತ್ತದೆ. ನಿಧಾನವೇ ಹೊರತು ನಿಲುಗಡೆಯಲ್ಲ.

ಇದಕ್ಕೆ ಕೋಲ್ಮನ್ನರನ್ನು ಹೊಣೆಮಾಡುವುದು ಅನ್ಯಾಯ. ಅವರ ಕಾಲದ ಮೈಸೂರಿನ ಹೊಲಗಳಿಗೆ ಸಾರಜನಕದ ಬರ. ಹೆಚ್ಚಳವನ್ನು ಕನಸಿನಲ್ಲಿಯೂ ಕಂಡವರಿರಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಅವರು ಕಟ್ಟಿದ ಇಲಾಖೆ, ಅದರ ಮುಂದಿನ ವಿಶ್ವವಿದ್ಯಾನಿಲಯಗಳು, ಹೊಲಕ್ಕೆ ಸಾರಜನಕವನ್ನು ತುಂಬುವ ವಿದ್ಯೆಯನ್ನು ರೈತನ ಮನೆಬಾಗಿಲಿಗೆ ಮುಟ್ಟಿಸಿದಷ್ಟು, ಹೊಲದಿಂದ ಹೊರಬಿದ್ದದ್ದನ್ನು ಅಡ್ಡಗಟ್ಟುವ ವಿದ್ಯೆಯನ್ನು ಮುಟ್ಟಿಸಲಿಲ್ಲ. ಗೆಯೋನರ ಎರಡನೆಯ ಕೆಲಸ ಇನ್ನೂ ಬರಬೇಕಾಗಿದೆಯೆಂದದ್ದು ಇದಕ್ಕೆ.

ಆ ವಿದ್ಯೆ ಹೊಲದಂಚಿಗೆ ಮೊದಮೊದಲು ಇಳಿದ ಎಡೆಗಳಲ್ಲಿ ಒಂದು ಕೋಲ್ಮನ್ನರ ಹುಟ್ಟುಪ್ರಾಂತವಾದ ಆಂಟೇರಿಯೊ ಎಂಬುದನ್ನು ಓದಿದಾಗ ನನಗೆ ಸಂತೋಷವಾಯಿತು. ಅಲ್ಲಿ ಹೊಲದಡಿಯಲ್ಲಿ ಕೊಳವೆಗಳನ್ನು ಹೂಳಿ ಹೆಚ್ಚಿನ ನೀರನ್ನು ಬಸಿಯುತ್ತಾರೆ. ವಾಟರ್ಲೂ ವಿಶ್ವವಿದ್ಯಾನಿಲಯದವರು ೧೯೯೪ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ೨೦೦ ಲೀಟರು ಹಿಡಿಯುವ ಎರಡು ಪಾತ್ರೆಗಳಿಗೆ ದಪ್ಪ ಮರಳು, ಮರದ ತೊಗಟೆ, ಮರದ ಚಕ್ಕೆ, ಎಲೆಗೊಬ್ಬರ ಇವುಗಳನ್ನು ತುಂಬಿ, ಬಸಿದ ನೀರನ್ನು ದಿನಕ್ಕೆ ಹತ್ತರಿಂದ ಅರವತ್ತು ಲೀಟರಿನಂತೆ ಅದರ ಮೂಲಕ ಹರಿಸಿದರು. ಒಂದು ವರ್ಷದ ಕಾಲ, ಒಳಗೆ ಹೋದ ನೀರಿನಲ್ಲಿದ್ದ ನೈಟ್ರೇಟು ಹೊರಗೆ ಬಂದ ನೀರಿನಲ್ಲಿ ಹೆಚ್ಚು ಕಡಮೆ ಇಲ್ಲವಾಗಿತ್ತು. ಯಂತ್ರವಿಲ್ಲ, ಔಷಧಿಯಿಲ್ಲ. ನೀರು ತುಂಬಿ ಗಾಳಿ ಸತ್ತ ಚಕ್ಕೆಗಳ ನಡುವೆ, ಮರವನ್ನು ಅನ್ನವಾಗಿಯೂ ನೈಟ್ರೇಟನ್ನು ಉಸಿರಾಗಿಯೂ ಮಾಡಿಕೊಂಡು ಜೀವಿಗಳು ಕೆಲಸಮಾಡಿದವು. ಈಗ ಅಮೆರಿಕದ ಮೆಕ್ಕೆಜೋಳದ ಪ್ರಾಂತಗಳಲ್ಲಿ ಹೊಲದಂಚಿಗೆ ಉದ್ದನೆಯ ಹಳ್ಳ ತೋಡಿ ಚಕ್ಕೆ ತುಂಬುತ್ತಾರೆ. ನ್ಯೂಜಿಲೆಂಡಿನಲ್ಲಿ ನೆಲದಡಿಯ ನೀರಿಗೆ ಅಡ್ಡವಾಗಿ ಮರದ ಹೊಟ್ಟಿನ ಗೋಡೆಯನ್ನೇ ಹೂತಿದ್ದಾರೆ.

ದೋಷಗಳೂ ಉಂಟು. ಮೊದಮೊದಲು ಚಕ್ಕೆಯ ಕಂದು ಬಗ್ಗಡ ನೀರಿನಲ್ಲಿ ಇಳಿಯುತ್ತದೆ. ನೀರು ಬೇಗ ಹರಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ; ಅರ್ಧವಾದಲ್ಲಿ ಭೂಮಿಯ ಬಿಸಿಯನ್ನೇರಿಸುವ ನೈಟ್ರಸ್ ಆಕ್ಸೈಡ್ ಹೊರಡುವುದುಂಟು. ತೀರ ನಿಧಾನವಾದರೆ ಕೊಳೆತ ಮೊಟ್ಟೆಯ ವಾಸನೆ. ಫ್ಲೋರೈಡಿಗಂತೂ ಇದು ಮದ್ದಲ್ಲ. ಆಗಲೇ ಆಳಕ್ಕಿಳಿದ ನೈಟ್ರೇಟನ್ನು ಹಳ್ಳ ತೋಡಿ ಹಿಡಿಯಲೂ ಆಗದು. ಧರ್ಮಪುರದಂಥ ಕೊಳವೆಬಾವಿಯ ಊರಿಗೆ ಗೊಬ್ಬರವನ್ನು ಅಳೆದು ಹಾಕುವುದೂ, ತಿಪ್ಪೆಯನ್ನು ಬಾವಿಯಿಂದ ದೂರವಿಡುವುದೂ ಮೊದಲ ಚಿಕಿತ್ಸೆ. ಶೇಂಗಾ ಬೆಳೆಯುವವರು ಅದರ ಬೇರಿನ ಗಂಟುಗಳಲ್ಲಿರುವ ಜೀವಿಗಳು ಗಾಳಿಯ ಸಾರಜನಕವನ್ನು ತಾವೇ ಕೂಡಿಸಿಕೊಡುತ್ತವೆಂಬುದನ್ನು ನೆನೆದು ಚೀಲದ ಲೆಕ್ಕವನ್ನು ಇಳಿಸಬಹುದು.

ವಾಣಿವಿಲಾಸದ ಕಾಲುವೆಯ ಕೆಳಗಿನ ಮಾತು ಬೇರೆ. ೧೯೩೩ರಲ್ಲಿ ಕೋಡಿ ಬಿದ್ದ ಆ ಸಾಗರ ಮತ್ತೆ ಕೋಡಿ ಬಿದ್ದದ್ದು ೨೦೨೨ರಲ್ಲಿ, ಆ ಬಳಿಕ ೨೦೨೫ರಲ್ಲಿ. ನೀರು ಬಂದ ವರ್ಷ ತೋಟಗದ್ದೆಗಳಿಂದ ಬಸಿಯುವ ನೀರೂ ಹೆಚ್ಚು, ಅದರಲ್ಲಿ ಕರಗಿ ಹೋಗುವ ಗೊಬ್ಬರವೂ ಹೆಚ್ಚು. ಬತ್ತದ ಗದ್ದೆಯಲ್ಲಿ ನಿಂತ ನೀರಿನಡಿಯ ಕೆಸರೇ ನೈಟ್ರೇಟನ್ನು ಒಂದಷ್ಟು ತಿಂದುಹಾಕುತ್ತದೆ. ತೋಟದ ಬಸಿನೀರಿಗೆ ಆ ಕಾವಲಿಲ್ಲ. ಅಲ್ಲಿನ ಬಸಿಗಾಲುವೆಯೊಂದರ ಬಾಯಲ್ಲಿ ಒಂದು ಹಳ್ಳವನ್ನು ತೋಡಿ ಪರೀಕ್ಷಿಸಿ ನೋಡುವುದು ದೊಡ್ಡ ವೆಚ್ಚದ ಮಾತಲ್ಲ. ಕಾರ್ಖಾನೆಯ ಮರದ ಚಕ್ಕೆ ನಮ್ಮಲ್ಲಿ ದುರ್ಲಭ. ತೆಂಗಿನ ಸಿಪ್ಪೆ, ಅಡಕೆಯ ಸಿಪ್ಪೆ, ಮೆಕ್ಕೆಜೋಳದ ಬೆಂಡು ಯಥೇಚ್ಛವಾಗಿವೆ. ಮೆಕ್ಕೆಜೋಳದ ಬೆಂಡನ್ನು ಹೊರದೇಶಗಳಲ್ಲಿ ಆಗಲೇ ಪರೀಕ್ಷಿಸಿದ್ದಾರೆ. ಅದು ಮರಕ್ಕಿಂತ ಚುರುಕಾಗಿ ಕೆಲಸಮಾಡಿ ಬೇಗ ಸವೆಯುವುದೆಂದು ಕಂಡಿದ್ದಾರೆ. ಆಂಟೇರಿಯೊದ ಚಳಿಗಾಲದಲ್ಲಿ ಈ ಜೀವಿಗಳು ಮಂಕಾಗುತ್ತವೆ. ಹಿರಿಯೂರಿನ ಬಿಸಿಲಿಗೆ ಆ ತೊಂದರೆಯಿಲ್ಲ. ಬಬ್ಬೂರು ಫಾರಮ್ಮಿನ ನೆಲ ಅಲ್ಲಿಯೇ ಇದೆ, ತೋಟವಿದೆ, ವಿದ್ಯಾರ್ಥಿಗಳಿದ್ದಾರೆ. ಜೀವಿಗಳನ್ನು ಗಟ್ಟಿಂಗೆನ್ನಿನಿಂದಾಗಲಿ ಬೋರ್ಡೋವಿನಿಂದಾಗಲಿ ತರಿಸಬೇಕಾಗಿಲ್ಲ; ಬಸಿಗಾಲುವೆಯ ಕೆಸರನ್ನು ಒಂದು ಬುಟ್ಟಿ ತೆಗೆದು ಹಳ್ಳಕ್ಕೆ ಹಾಕಿದರೆ ಸಾಕು.